ಅಳತೆಯಿಂದ ತೂಕಕ್ಕೆ: ಸೇರು, ಪಾವು, ಕಪ್ಪುಗಳ ಲೆಕ್ಕವನ್ನು ಗ್ರಾಮಿಗೆ ತರುವ ಪಾಠ



ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಈಗ ಹೆಣ್ಣುಮಕ್ಕಳು ಬಿಸ್ಕತ್ತು, ನಾನ್‌ಖಟಾಯಿ, ಕೇಕು ಮಾಡಿ ಮಾರುವ ಉದ್ಯೋಗಕ್ಕೆ ಮನಸ್ಸು ಮಾಡುತ್ತಿದ್ದಾರೆ. ಸ್ವಸಹಾಯ ಗುಂಪುಗಳಲ್ಲಿಯೂ ಈ ಮಾತು ನಡೆದಿದೆ. ಅಡಿಕೆಯ ದರ ಏರಿಳಿಯುವ ಕಾಲದಲ್ಲಿ ಮನೆಗೆ ಇನ್ನೊಂದು ಉತ್ಪನ್ನ ಇರುವುದು ಒಳ್ಳೆಯದೇ. ಆದರೆ ಅವರಿಗೆ ಸಿಗುವ ಪಾಕವಿಧಾನಗಳಲ್ಲಿ ಎಲ್ಲವೂ 'ಎರಡು ಕಪ್ಪು ಮೈದಾ, ಒಂದು ಕಪ್ಪು ಸಕ್ಕರೆ' ಎಂದಿರುತ್ತದೆ. ಅಂಗಡಿಯಲ್ಲಿ ಕೊಳ್ಳುವುದು ಕಿಲೋ ಲೆಕ್ಕದಲ್ಲಿ, ಪೊಟ್ಟಣ ಕಟ್ಟಿ ಮಾರುವುದು ಗ್ರಾಂ ಲೆಕ್ಕದಲ್ಲಿ. ನಡುವೆ ಮಾಡುವ ಕೆಲಸ ಮಾತ್ರ ಕಪ್ಪಿನ ಲೆಕ್ಕದಲ್ಲಿ. ಈ ನಡುವಿನ ಗಂಟು ಬಿಡಿಸದ ಹೊರತು ಒಂದು ದಿನದಂತೆ ಇನ್ನೊಂದು ದಿನ ತಿಂಡಿ ಬರುವುದಿಲ್ಲ, ಲಾಭ ನಷ್ಟದ ಲೆಕ್ಕವೂ ಕೂಡುವುದಿಲ್ಲ.

ಅದಕ್ಕಾಗಿ ಈ ಸಂಚಿಕೆಯ ಅಭ್ಯಾಸ ಲೇಖನವನ್ನು ಒಣ ಪದಾರ್ಥಗಳ ಅಳತೆಯನ್ನು ತೂಕಕ್ಕೆ ತರುವ ವಿಷಯಕ್ಕೆ ಮೀಸಲಿಟ್ಟಿದೆ. ಇದು ಅಡುಗೆಮನೆಯ ಪಾಠವೆಂದು ಗಂಡಸರು ಪುಟ ಮಗುಚುವುದು ಬೇಡ. ಕೊಳೆರೋಗಕ್ಕೆ ಔಷಧಿ ಕಲಸುವವರಿಗೂ ಕಾಫಿ ಒಣಗಿಸುವವರಿಗೂ ಇದೇ ಪಾಠ ಬೇಕು.

1. ಅಳತೆ ಬೇರೆ, ತೂಕ ಬೇರೆ

ಪಾವಿನಲ್ಲಿ ಅಳೆದಾಗ ನಮಗೆ ತಿಳಿಯುವುದು ಪದಾರ್ಥ ಎಷ್ಟು ಜಾಗ ತುಂಬಿತು ಎಂಬುದು. ತಕ್ಕಡಿಯಲ್ಲಿಟ್ಟಾಗ ತಿಳಿಯುವುದು ಪದಾರ್ಥ ಎಷ್ಟಿದೆ ಎಂಬುದು. ನೀರು, ಹಾಲುಗಳಿಗೆ ಈ ಎರಡಕ್ಕೂ ಹೆಚ್ಚು ಅಂತರವಿಲ್ಲ. ಒಂದು ಲೀಟರ್ ನೀರು ಹೆಚ್ಚುಕಡಿಮೆ ಒಂದು ಕಿಲೋ. ಒಣ ಪದಾರ್ಥಕ್ಕೆ ಹಾಗಲ್ಲ. ಹಿಟ್ಟಿನ ಕಣಗಳ ನಡುವೆ ಗಾಳಿ ಇರುತ್ತದೆ. ಪಾತ್ರೆಯಲ್ಲಿ ಕಾಣುವುದರಲ್ಲಿ ಅರ್ಧಕ್ಕಿಂತ ಕಡಿಮೆ ಹಿಟ್ಟು, ಉಳಿದದ್ದು ಗಾಳಿ. ಆ ಗಾಳಿ ಎಷ್ಟೆಂಬುದು ಹಿಟ್ಟಿನ ನುಣುಪು, ತೇವ, ತುಂಬಿದ ಕೈ ಇವುಗಳ ಮೇಲೆ ಹೋಗುತ್ತದೆ.

ನಮ್ಮ ಹಿರಿಯರಿಗೆ ಇದು ತಿಳಿಯದ ವಿಷಯವೇನಲ್ಲ. ಕನ್ನಡನಾಡಿನ ಶಾಸನಗಳಲ್ಲಿ ಧಾನ್ಯಕ್ಕೆ ಬಳ್ಳ, ಕೊಳಗ, ಖಂಡುಗ. ಎಣ್ಣೆಗೆ ಮಾನ, ಸೊಲಗೆ. ಅಡಿಕೆಗೆ ಹೇರು ಎಂದು ಪದಾರ್ಥಕ್ಕೆ ತಕ್ಕಂತೆ ಬೇರೆ ಬೇರೆ ಮಾನಗಳು ಕಾಣುತ್ತವೆ. ಹಳೆಯ ಮೈಸೂರು ಸೀಮೆಯಲ್ಲಿ ಸೇರಿನ ಪಾತ್ರೆಯನ್ನು ಗೊತ್ತುಮಾಡಲು ನವಧಾನ್ಯಗಳನ್ನು ಸಮನಾಗಿ ಬೆರೆಸಿ ತೂಗುವ ಪದ್ಧತಿಯಿತ್ತು. ಒಂದೊಂದು ಧಾನ್ಯ ಒಂದೊಂದು ತೂಕ ತೂಗುವುದರಿಂದ ಒಂಬತ್ತನ್ನೂ ಸೇರಿಸಿ ಸರಾಸರಿ ಹಿಡಿಯುವ ಜಾಣತನ ಅದರಲ್ಲಿದೆ.

2. ಸೇರು ಹೋಗಿ ಕಿಲೋ ಬಂದ ಬಗೆ

ನಮ್ಮ ಹಿರೇಕೆರೂರು ತಾಲ್ಲೂಕು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಪಕ್ಕದ ಶಿಕಾರಿಪುರ ಮೈಸೂರಿನಲ್ಲಿತ್ತು. ಅಬಲೂರಿನಿಂದ ಶಿಕಾರಿಪುರದ ಕಡೆಗೆ ನಂಟಸ್ತನವೂ ವ್ಯಾಪಾರವೂ ಇದ್ದವರಿಗೆ ಎರಡು ಕಡೆಯ ಲೆಕ್ಕವನ್ನೂ ತಿಳಿದಿರಬೇಕಾದ ಕಾಲ ಅದು. ಸೇರು ಎಂಬ ಹೆಸರು ಒಂದೇ, ಒಳಗಿನ ಮಾಲು ಬೇರೆ. ತೂಕದ ಸೇರಿನಲ್ಲಿಯೇ 80 ತೊಲದ ಸೇರು 933 ಗ್ರಾಂ. ಹಳೆಯ ಮೈಸೂರಿನಲ್ಲಿ ನಡೆಯುತ್ತಿದ್ದ 24 ತೊಲದ ಕಚ್ಚಾ ಸೇರು ಕೇವಲ 280 ಗ್ರಾಂ. ಒಂದು ತೊಲ ಎಂದರೆ 11.66 ಗ್ರಾಂ. ಇದರ ಮೇಲೆ ಅಳತೆಯ ಸೇರು ಮತ್ತೊಂದು. ಊರಿಂದ ಊರಿಗೆ ಬಳ್ಳ, ಕೊಳಗಗಳೂ ಬದಲಾಗುತ್ತಿದ್ದವು.

ಈ ಗೊಂದಲವನ್ನು ತಪ್ಪಿಸಲು 1956ರಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯಿದೆ ಬಂದಿತು. 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಜಾರಿಗೆ ಬಂದು 1962ರ ಹೊತ್ತಿಗೆ ವ್ಯಾಪಾರದಲ್ಲಿ ಕಡ್ಡಾಯವಾದವು. ಈಗ ನಡೆಯುತ್ತಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯಿದೆ. ಅದು 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವ್ಯಾಪಾರದಿಂದ ಸೇರು ಹೋಯಿತು. ಅಡುಗೆಮನೆಯ ಡಬ್ಬಿಯಲ್ಲಿ ಪಾವು ಉಳಿಯಿತು. ಅದರ ಜೊತೆಗೆ ಈಗ ಪಾಕಶಾಸ್ತ್ರದ ಪುಸ್ತಕಗಳ ಮೂಲಕ ಕಪ್ಪು ಬಂದು ಸೇರಿದೆ.

3. ಕಪ್ಪು ಎಂದರೆ ಯಾವ ಕಪ್ಪು?

ಅಮೆರಿಕದ ಪಾಕವಿಧಾನಗಳ ಕಪ್ಪು ಸುಮಾರು 237 ಮಿಲಿಲೀಟರ್. ಆಸ್ಟ್ರೇಲಿಯದ್ದು 250 ಮಿಲಿಲೀಟರ್. ನಮ್ಮ ಅಂಗಡಿಗಳಲ್ಲಿ ಸಿಗುವ ಅಳತೆ ಕಪ್ಪುಗಳ ಜೋಡಿಯಲ್ಲಿ ದೊಡ್ಡದು ಸಾಮಾನ್ಯವಾಗಿ 240 ಮಿಲಿಲೀಟರ್. ಮನೆಯ ಚಹಾ ಕಪ್ಪಿಗೂ ಇವುಗಳಿಗೂ ಸಂಬಂಧವಿಲ್ಲ. ಚಮಚದಲ್ಲಿ ಚಿಕ್ಕದು 5 ಮಿಲಿಲೀಟರ್, ದೊಡ್ಡದು 15 ಮಿಲಿಲೀಟರ್. ಆಸ್ಟ್ರೇಲಿಯದ ದೊಡ್ಡ ಚಮಚ ಮಾತ್ರ 20.

ಇಂಗ್ಲೆಂಡಿನ ಹಳೆಯ ಕೇಕಿನ ವಿಧಾನಗಳು ಬಹಳವಾಗಿ ತೂಕದವು. 'ಪೌಂಡ್ ಕೇಕ್' ಎಂಬ ಹೆಸರೇ ಅದಕ್ಕೆ ಸಾಕ್ಷಿ: ಹಿಟ್ಟು, ಸಕ್ಕರೆ, ಬೆಣ್ಣೆ, ಮೊಟ್ಟೆ ಒಂದೊಂದೂ ಒಂದು ಪೌಂಡು. ಪೌಂಡೆಂದರೆ 454 ಗ್ರಾಂ, ಔನ್ಸೆಂದರೆ 28 ಗ್ರಾಮಿಗಿಂತ ತುಸು ಹೆಚ್ಚು. ಬೇಕರಿ ವೃತ್ತಿಯಲ್ಲಿರುವವರು ಇಂದಿಗೂ ತೂಕವನ್ನೇ ಹಿಡಿದಿದ್ದಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕದಂಥ ಕಡೆಗೆ ಕಲಿಯಲು ಹೋಗುವವರು ಮೊದಲು ಕೈಗೆತ್ತಿಕೊಳ್ಳಬೇಕಾದ ಸಾಧನ ತಕ್ಕಡಿಯೇ.

4. ಒಂದೇ ಕಪ್ಪು, ಬೇರೆ ಬೇರೆ ತೂಕ

240 ಮಿಲಿಲೀಟರಿನ ಕಪ್ಪನ್ನು ತುಂಬಿ, ಚಾಕುವಿನ ಬೆನ್ನಿನಿಂದ ತಲೆ ಸವರಿದಾಗ ಬರುವ ಸುಮಾರು ತೂಕಗಳು ಹೀಗಿವೆ:

ಮೈದಾ, ಚಮಚದಿಂದ ಹಗುರಾಗಿ ತುಂಬಿದ್ದು: 120ರಿಂದ 125 ಗ್ರಾಂ
ಮೈದಾ, ಡಬ್ಬಿಯಲ್ಲಿ ಕಪ್ಪನ್ನೇ ಮುಳುಗಿಸಿ ಎತ್ತಿದ್ದು: 140ರಿಂದ 150 ಗ್ರಾಂ
ಸಕ್ಕರೆ, ಹರಳಿನದು: 200 ಗ್ರಾಂ
ಸಕ್ಕರೆ ಪುಡಿ: 115ರಿಂದ 120 ಗ್ರಾಂ
ರವೆ: 165ರಿಂದ 170 ಗ್ರಾಂ
ಕೋಕೋ ಪುಡಿ: 85 ಗ್ರಾಂ
ಒಣ ಕೊಬ್ಬರಿ ತುರಿ: 80ರಿಂದ 90 ಗ್ರಾಂ
ಅಕ್ಕಿ: 185ರಿಂದ 200 ಗ್ರಾಂ

ಈ ಪಟ್ಟಿಯಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು.

ಮೊದಲನೆಯದು, ಮೈದಾ ಒಂದೇ ಆದರೂ ತುಂಬಿದ ಕೈಯಿಂದಾಗಿ 30 ಗ್ರಾಮಿನವರೆಗೆ ವ್ಯತ್ಯಾಸ ಬರುತ್ತದೆ. ಎರಡು ಕಪ್ಪು ಹಾಕಬೇಕಾದ ಕೇಕಿಗೆ 240 ಗ್ರಾಂ ಬದಲು 290 ಗ್ರಾಂ ಬಿದ್ದರೆ ಕೇಕು ಒಣಕಲಾಗಿ ಮೇಲೆ ಬಿರಿಯುತ್ತದೆ. ಆಗ ಒಲೆಯನ್ನೋ ಸೋಡಾವನ್ನೋ ದೂರುವುದು ರೂಢಿ. ಹತ್ತು ಪಟ್ಟು ಮಾಡಿದಾಗ ಅದೇ ವ್ಯತ್ಯಾಸ ಅರ್ಧ ಕಿಲೋ ಆಗುತ್ತದೆ. ಜರಡಿಯ ವಿಷಯವೂ ಹೀಗೆಯೇ. 'ಅಳೆದು ಜರಡಿ ಹಿಡಿಯಿರಿ' ಎಂಬುದಕ್ಕೂ 'ಜರಡಿ ಹಿಡಿದು ಅಳೆಯಿರಿ' ಎಂಬುದಕ್ಕೂ ಅಂತರವಿದೆ. ಜರಡಿ ಹಿಡಿದ ಮೇಲೆ ಹಿಟ್ಟಿನಲ್ಲಿ ಗಾಳಿ ಹೆಚ್ಚಾಗಿ ಕಪ್ಪಿನ ತೂಕ ಇಳಿಯುತ್ತದೆ. ತೂಗುವವರಿಗೆ ಈ ತಂಟೆ ಇಲ್ಲ; 240 ಗ್ರಾಂ ಜರಡಿಗೆ ಮೊದಲೂ 240, ಆಮೇಲೂ 240.

ಎರಡನೆಯದು, ಸಕ್ಕರೆ. ಹರಳು ಸಕ್ಕರೆ ಒಂದು ಕಪ್ಪು 200 ಗ್ರಾಂ, ಪುಡಿ ಒಂದು ಕಪ್ಪು 120 ಗ್ರಾಂ. ಒಂದು ಕಪ್ಪು ಹರಳನ್ನು ಬೀಸಿದರೆ ಒಂದೂವರೆ ಕಪ್ಪಿಗೂ ಮಿಕ್ಕಿ ಪುಡಿಯಾಗುತ್ತದೆ. ಪುಡಿಯ ಬದಲಿಗೆ ಹರಳನ್ನು ಅದೇ ಕಪ್ಪಿನಲ್ಲಿ ಅಳೆದು ಬೀಸಿದವರು 80 ಗ್ರಾಂ ಸಕ್ಕರೆಯನ್ನು ತಿಳಿಯದೆ ಹೆಚ್ಚು ಹಾಕಿದಂತಾಯಿತು. ಕಾಫಿ ಬೆಳೆಗಾರರು ಇದನ್ನು ಹುರಿಯುವಾಗ ಕಂಡಿರುತ್ತಾರೆ. ಹಸಿ ಬೀಜವನ್ನು ಹುರಿದಾಗ ತೂಕದಲ್ಲಿ ನೂರಕ್ಕೆ 15ರಿಂದ 20ರಷ್ಟು ಇಳಿಯುತ್ತದೆ, ಗಾತ್ರದಲ್ಲಿ ಮಾತ್ರ ಸುಮಾರು ಒಂದೂವರೆ ಪಟ್ಟು ಉಬ್ಬುತ್ತದೆ. ಪಾವಿನ ಲೆಕ್ಕದಲ್ಲಿ ಹುರಿದ ಬೀಜ ಕೊಂಡವನಿಗೆ ಅರ್ಧ ಬೀಜ, ಅರ್ಧ ಉಬ್ಬು.

ಮೂರನೆಯದು, ಕೋಕೋ. ನಮ್ಮ ಅಡಿಕೆ ತೋಟಗಳಲ್ಲಿ ಕೋಕೋ ಮಿಶ್ರಬೆಳೆಯಾಗಿ ಬಂದ ಮೇಲೆ, 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೋ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಬೆಳೆಗಾರನ ಮನೆಯ ಕೇಕಿಗೆ ಕೋಕೋ ಪುಡಿ ಬರುವುದು ಸಹಜವೇ. ಆದರೆ ಮೈದಾದಲ್ಲಿ ಒಂದು ಭಾಗ ತೆಗೆದು ಕೋಕೋ ಹಾಕುವಾಗ ಕಪ್ಪಿಗೆ ಕಪ್ಪು ಬದಲಿಸಿದರೆ ತೂಕ ಮೂರನೆಯ ಒಂದರಷ್ಟು ಕಡಿಮೆ ಬೀಳುತ್ತದೆ. ಗ್ರಾಮಿಗೆ ಗ್ರಾಂ ಬದಲಿಸುವುದೇ ಸರಿಯಾದ ಕ್ರಮ.

5. ತಲೆಯ ಮೇಲಿನ ರಾಶಿ

ನಮ್ಮಲ್ಲಿ ಅಳೆಯುವಾಗ ಪಾವಿನ ತಲೆಯ ಮೇಲೆ ರಾಶಿ ಬಿಡುವುದು ಔದಾರ್ಯದ ಲಕ್ಷಣ. ಆದರೆ ಆ ರಾಶಿ ಎಷ್ಟೆಂಬುದು ಪಾತ್ರೆಯ ಬಾಯಿಯ ಮೇಲೆ ಹೋಗುತ್ತದೆ. 250 ಮಿಲಿಲೀಟರ್ ಹಿಡಿಯುವ ಎರಡು ಪಾತ್ರೆಗಳಿವೆ ಎಂದಿಟ್ಟುಕೊಳ್ಳಿ. ಒಂದರ ಬಾಯಿ 7 ಸೆಂಟಿಮೀಟರ್ ಅಗಲ. ಅದರ ಮೇಲೆ ಎರಡೂವರೆ ಸೆಂಟಿಮೀಟರ್ ಎತ್ತರದ ರಾಶಿ ನಿಂತರೆ ಅದು 32 ಮಿಲಿಲೀಟರ್. ಇನ್ನೊಂದರ ಬಾಯಿ 10 ಸೆಂಟಿಮೀಟರ್ ಅಗಲ. ಅದೇ ಇಳಿಜಾರಿನ ರಾಶಿ ಮೂರೂವರೆ ಸೆಂಟಿಮೀಟರ್ ಏರಿ 92 ಮಿಲಿಲೀಟರ್ ಆಗುತ್ತದೆ. ಒಂದರಲ್ಲಿ ಎಂಟನೆಯ ಒಂದು ಪಾಲು ಹೆಚ್ಚು, ಇನ್ನೊಂದರಲ್ಲಿ ಮೂರನೆಯ ಒಂದಕ್ಕಿಂತಲೂ ಹೆಚ್ಚು. ಕೂಲಿಗೆ ಬದಲಾಗಿ ಕಾಳು ಅಳೆದು ಕೊಡುವಲ್ಲಿ, ಸಾಲವಾಗಿ ತಂದ ಹಿಟ್ಟನ್ನು ತಿರುಗಿಸುವಲ್ಲಿ ಜಗಳ ಹುಟ್ಟುವುದು ಇಲ್ಲಿಯೇ. ಇಬ್ಬರೂ ಪ್ರಾಮಾಣಿಕರಾಗಿರಬಹುದು, ಪಾತ್ರೆಗಳ ಬಾಯಿ ಬೇರೆ. ಆದ್ದರಿಂದ ಅಳೆಯಲೇಬೇಕಾದಾಗ ತಲೆ ಸವರಿ ಅಳೆಯಿರಿ.

6. ನಿಮ್ಮ ಪಾತ್ರೆಗೆ ನೀವೇ ಪಟ್ಟಿ ಮಾಡಿಕೊಳ್ಳುವ ವಿಧಾನ

ಪುಸ್ತಕದ ಪಟ್ಟಿಗಿಂತ ನಿಮ್ಮ ಮನೆಯ ಗಿರಣಿಯ ಹಿಟ್ಟಿಗೆ ನೀವೇ ಮಾಡಿಕೊಂಡ ಪಟ್ಟಿ ಮೇಲು. ಒಂದು ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಈಗ ಸುಲಭವಾಗಿ ಸಿಗುತ್ತದೆ. ಗುಂಪಿಗೆ ಒಂದಿದ್ದರೂ ಸಾಕು.

ಮೊದಲ ಹೆಜ್ಜೆ: ಖಾಲಿ ಲೋಟವನ್ನು ತೂಗಿ ಬರೆದುಕೊಳ್ಳಿ. ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಿ. ವ್ಯತ್ಯಾಸ ಎಷ್ಟು ಗ್ರಾಮೋ ಲೋಟ ಅಷ್ಟು ಮಿಲಿಲೀಟರ್ ಹಿಡಿಯುತ್ತದೆ. ಖಾಲಿ ಲೋಟ 85 ಗ್ರಾಂ, ನೀರು ಸಹಿತ 287 ಗ್ರಾಂ ಇದ್ದರೆ ಲೋಟ 202 ಮಿಲಿಲೀಟರಿನದು.

ಎರಡನೆಯ ಹೆಜ್ಜೆ: ಲೋಟವನ್ನು ಚೆನ್ನಾಗಿ ಒರೆಸಿ ಒಣಗಿಸಿ, ಹಿಟ್ಟನ್ನು ನೀವು ಯಾವಾಗಲೂ ತುಂಬುವ ರೀತಿಯಲ್ಲಿಯೇ ತುಂಬಿ, ತಲೆ ಸವರಿ ತೂಗಿ. ಲೋಟದ ತೂಕ ಕಳೆಯಿರಿ. ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಮೂರು ಸಲ 104, 100, 108 ಬಂದರೆ ಸರಾಸರಿ 104 ಗ್ರಾಂ.

ಮೂರನೆಯ ಹೆಜ್ಜೆ: ಗ್ರಾಮನ್ನು ಮಿಲಿಲೀಟರಿನಿಂದ ಭಾಗಿಸಿ. 104ನ್ನು 202ರಿಂದ ಭಾಗಿಸಿದರೆ 0.515. ಇದು ನಿಮ್ಮ ಮೈದಾದ ಗುಣಕ. ಪಾಕವಿಧಾನದಲ್ಲಿ 240 ಮಿಲಿಲೀಟರಿನ ಒಂದು ಕಪ್ಪು ಎಂದಿದ್ದರೆ 240ನ್ನು 0.515ರಿಂದ ಗುಣಿಸಿ: ಸುಮಾರು 124 ಗ್ರಾಂ. ಇದೇ ಲೋಟದಲ್ಲಿ ಸಕ್ಕರೆ 171 ಗ್ರಾಂ ಬಂದರೆ ಅದರ ಗುಣಕ 0.847, ಒಂದು ಕಪ್ಪಿಗೆ 203 ಗ್ರಾಂ.

ನಾಲ್ಕನೆಯ ಹೆಜ್ಜೆ: ಪ್ರತಿ ಪದಾರ್ಥದ ಗುಣಕವನ್ನು ಒಂದು ಕಾಗದದಲ್ಲಿ ಬರೆದು ಡಬ್ಬಿಗಳ ಕಪಾಟಿನ ಬಾಗಿಲಿಗೆ ಅಂಟಿಸಿ. ಗಿರಣಿ ಬದಲಾದರೆ, ಹಿಟ್ಟಿನ ನುಣುಪು ಬದಲಾದರೆ ಮತ್ತೆ ತೂಗಿ ತಿದ್ದಿಕೊಳ್ಳಿ.

ಸೋಡಾ, ಬೇಕಿಂಗ್ ಪೌಡರ್, ಉಪ್ಪುಗಳ ವಿಷಯದಲ್ಲಿ ಒಂದು ಸೂಚನೆ. ಒಂದು ಚಿಕ್ಕ ಚಮಚ ಸೋಡಾ ಸುಮಾರು 5 ಗ್ರಾಂ. ಇಷ್ಟು ಕಡಿಮೆ ತೂಕವನ್ನು ಅಡುಗೆಮನೆಯ ತಕ್ಕಡಿ ಸರಿಯಾಗಿ ತೋರಿಸಲಾರದು. ಆದ್ದರಿಂದ 20 ಚಮಚಗಳನ್ನು ಒಂದೊಂದಾಗಿ ತಲೆ ಸವರಿ ಹಾಕಿ ಒಟ್ಟಿಗೆ ತೂಗಿ 20ರಿಂದ ಭಾಗಿಸಿ. ಆಗ ಒಂದು ಚಮಚದ ತೂಕ ನಂಬಿಕೆಗೆ ಅರ್ಹವಾಗುತ್ತದೆ.

7. ನೂರರ ಲೆಕ್ಕ

ತೂಕಕ್ಕೆ ಬಂದ ಮೇಲೆ ಇನ್ನೊಂದು ಅನುಕೂಲವಿದೆ. ಬೇಕರಿಯವರು ಹಿಟ್ಟನ್ನು ಯಾವಾಗಲೂ 100 ಎಂದು ಹಿಡಿದು ಉಳಿದದ್ದನ್ನು ಅದರ ಪಾಲಾಗಿ ಹೇಳುತ್ತಾರೆ. ಎರಡು ಕಪ್ಪು ಮೈದಾ, ಒಂದು ಕಪ್ಪು ಸಕ್ಕರೆ ಪುಡಿಯ ನಾನ್‌ಖಟಾಯಿಯನ್ನು ತೂಕಕ್ಕೆ ತಂದರೆ ಮೈದಾ 240, ಸಕ್ಕರೆ 120. ಅಂದರೆ ನೂರಕ್ಕೆ ಐವತ್ತು. ತುಪ್ಪವೋ ವನಸ್ಪತಿಯೋ ನೂರಕ್ಕೆ ಐವತ್ತರಿಂದ ಅರವತ್ತು. ಈ ಪ್ರಮಾಣ ಗೊತ್ತಾದರೆ ಅರ್ಧ ಕಿಲೋ ಮಾಡಿದರೂ ಹತ್ತು ಕಿಲೋ ಮಾಡಿದರೂ ರುಚಿ ಒಂದೇ. ಕಿಲೋ ಮೈದಾಕ್ಕೆ ಎಷ್ಟು ಸಕ್ಕರೆ, ಎಷ್ಟು ತುಪ್ಪ ಎಂದು ತಿಳಿದರೆ ಪೊಟ್ಟಣದ ಬೆಲೆ ಕಟ್ಟುವುದೂ ಸುಲಭ. ಕಪ್ಪಿನ ಲೆಕ್ಕದಲ್ಲಿ ಅಸಲು ಹಿಡಿಯಲು ಹೋದವರು ಸಾಮಾನ್ಯವಾಗಿ ತಮ್ಮ ದುಡಿಮೆಯನ್ನೇ ಕಳೆದುಕೊಳ್ಳುತ್ತಾರೆ.

ಮಾರುವವರು ಎರಡು ಮಾತು ನೆನಪಿಡಬೇಕು. ಕಟ್ಟಿದ ಪೊಟ್ಟಣದ ಮೇಲೆ ನಿವ್ವಳ ತೂಕವನ್ನು ಮುದ್ರಿಸುವುದು ಕಾನೂನಿನ ಕಟ್ಟಳೆ. ವ್ಯಾಪಾರಕ್ಕೆ ತೂಗುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರಿಶೀಲನೆಯೂ ಮುದ್ರೆಯೂ ಇರಬೇಕು; ಅಡುಗೆಮನೆಯ ಆಟಿಕೆಯಂಥ ತಕ್ಕಡಿ ಹಿಟ್ಟು ಕಲಸಲು ಸಾಕು, ಗಿರಾಕಿಗೆ ತೂಗಿಕೊಡಲು ಸಲ್ಲದು.

8. ತೋಟಕ್ಕೂ ಇದೇ ಪಾಠ

ಹಿಟ್ಟಿನಲ್ಲಿ ತಪ್ಪಿದರೆ ಒಂದು ತಟ್ಟೆ ತಿಂಡಿ ಹೋಗುತ್ತದೆ. ಬೋರ್ಡೊ ದ್ರಾವಣದಲ್ಲಿ ತಪ್ಪಿದರೆ ಒಂದು ವರ್ಷದ ಬೆಳೆ ಹೋಗುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ದ್ರಾವಣವನ್ನು ಬಳಕೆಗೆ ತಂದಂದಿನಿಂದ ಮಲೆನಾಡಿನ ತೋಟಗಳು ಅದನ್ನೇ ನಂಬಿಕೊಂಡಿವೆ. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣ. ಇದು ತೂಕದ ಮಾತು. ಆದರೆ ಮಳೆ ಹಿಡಿಯುವ ಮೊದಲು ಮುಗಿಸುವ ಅವಸರದಲ್ಲಿ 'ಇದು ಒಂದು ಡಬ್ಬಿ, ಅದೂ ಒಂದು ಡಬ್ಬಿ' ಎಂದು ಹಾಕುವವರಿದ್ದಾರೆ.

ಒಂದು ಲೀಟರಿನ ಡಬ್ಬಿಯಲ್ಲಿ ಮೈಲುತುತ್ತದ ಹರಳು ಒಂದು ಕಿಲೋಗಿಂತ ಹೆಚ್ಚು ತೂಗುತ್ತದೆ. ಅದೇ ಡಬ್ಬಿಯಲ್ಲಿ ಅರಳಿದ ಸುಣ್ಣದ ಒಣ ಪುಡಿ ಸುಮಾರು ಅರ್ಧ ಕಿಲೋ ಮಾತ್ರ. ಅಷ್ಟೇ ಅಲ್ಲ, ಸುಟ್ಟ ಸುಣ್ಣದ ಹರಳು ಅರಳುವಾಗ ನೀರನ್ನು ಹಿಡಿದುಕೊಳ್ಳುವುದರಿಂದ 1 ಕಿಲೋ ಹರಳು ಸುಮಾರು 1.3 ಕಿಲೋ ಪುಡಿಯಾಗುತ್ತದೆ. ಅಂದರೆ ಅರ್ಧ ಕಿಲೋ ಪುಡಿಯಲ್ಲಿ ನಿಜವಾದ ಸುಣ್ಣ 400 ಗ್ರಾಮಿಗಿಂತಲೂ ಕಡಿಮೆ. ಸುಣ್ಣ ಸಾಲದ ದ್ರಾವಣದಲ್ಲಿ ಹುಳಿಯ ಗುಣ ಉಳಿದು ಎಳೆಯ ಕಾಯಿ, ಹಿಂಗಾರ, ಎಲೆಗಳನ್ನು ಸುಡುತ್ತದೆ. ದ್ರಾವಣ ಕೂಡಿಸಿದ ಮೇಲೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಒಂದೆರಡು ನಿಮಿಷ ಅದ್ದಿ ನೋಡಿ. ಚಾಕುವಿನ ಮೇಲೆ ತಾಮ್ರದ ಕೆಂಪು ಕಂಡರೆ ಸುಣ್ಣ ಸಾಲದು. ಕೆಂಪು ನಿಲ್ಲುವವರೆಗೆ ಸುಣ್ಣದ ತಿಳಿಯನ್ನು ಸೇರಿಸಬೇಕು. ತೂಗಿ ಹಾಕಿದವರೂ ಈ ಪರೀಕ್ಷೆ ಬಿಡಬಾರದು, ಏಕೆಂದರೆ ಹಳೆಯ ಸುಣ್ಣದ ಕಸುವು ತೂಕದಲ್ಲಿ ಕಾಣುವುದಿಲ್ಲ.

ಕಾಫಿ ಸದಸ್ಯರಿಗೆ ಈ ಪಾಠ ಹೊಸದಲ್ಲ. ಕಣದಲ್ಲಿ ಕಾಫಿ ಒಣಗಿತೋ ಇಲ್ಲವೋ ಎಂದು ನೋಡಲು ಫೋರ್ಲಿಟ್ ಎಂಬ 40 ಲೀಟರಿನ ಡಬ್ಬಿಯನ್ನು ತುಂಬಿ ದಿನವೂ ತೂಗುವ ಕ್ರಮ ಎಸ್ಟೇಟುಗಳಲ್ಲಿದೆ. ಅಳತೆ ಸ್ಥಿರ, ತೂಕ ಇಳಿಯುತ್ತ ಬರುತ್ತದೆ; ಎರಡು ದಿನ ಒಂದೇ ತೂಕ ನಿಂತರೆ ಒಣಗಿತೆಂದು ಅರ್ಥ. ಅದೇ ಡಬ್ಬಿಯ ಮರಿಯೇ ಅಡುಗೆಮನೆಯಲ್ಲಿ ನಾವು ಪಟ್ಟಿ ಮಾಡಿದ ಲೋಟ.

ಕೊನೆಗೆ ಒಂದು ಎಚ್ಚರಿಕೆ. ತೂಕವೂ ಪೂರ್ತಿ ಸತ್ಯವಲ್ಲ. ಮಳೆಗಾಲದಲ್ಲಿ ಹಿಟ್ಟು ತೇವವನ್ನು ಹೀರುತ್ತದೆ. ನೂರಕ್ಕೆ 10 ತೇವವಿರುವ ಒಂದು ಕಿಲೋ ಹಿಟ್ಟಿನಲ್ಲಿ ಒಣ ಭಾಗ 900 ಗ್ರಾಂ. 13 ತೇವವಿದ್ದರೆ 870 ಗ್ರಾಂ. ಹಸಿ ಅಡಿಕೆಯನ್ನೂ ಒಣ ಅಡಿಕೆಯನ್ನೂ ಒಂದೇ ದರಕ್ಕೆ ತೂಗದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಟ್ಟಿನ ಡಬ್ಬಿಗೆ ಬಿಗಿ ಮುಚ್ಚಳವಿರಲಿ. ಆಷಾಢದಲ್ಲಿ ಹಿಟ್ಟು ಕಲಸುವಾಗ ನೀರನ್ನು ಒಮ್ಮೆಗೇ ಸುರಿಯದೆ ಒಂದೆರಡು ಚಮಚ ಹಿಂದೆ ಉಳಿಸಿಕೊಳ್ಳಿ.

ಅಭ್ಯಾಸದ ಲೆಕ್ಕಗಳು

(1) ಖಾಲಿ ಲೋಟ 90 ಗ್ರಾಂ, ನೀರು ತುಂಬಿದಾಗ 340 ಗ್ರಾಂ, ರಾಗಿ ಹಿಟ್ಟು ತುಂಬಿ ತಲೆ ಸವರಿದಾಗ 230 ಗ್ರಾಂ. ಬಿಸ್ಕತ್ತಿಗೆ 240 ಮಿಲಿಲೀಟರಿನ ಮೂರು ಕಪ್ಪು ರಾಗಿ ಹಿಟ್ಟು ಬೇಕು. ಎಷ್ಟು ಗ್ರಾಂ ತೂಗಬೇಕು?

(2) ಪಾಕವಿಧಾನದಲ್ಲಿ ಒಂದು ಕಪ್ಪು ಸಕ್ಕರೆ ಪುಡಿ ಎಂದಿದೆ. ಮನೆಯಲ್ಲಿರುವುದು ಹರಳು ಸಕ್ಕರೆ. ಬೀಸಲು ಎಷ್ಟು ಹರಳನ್ನು ತೆಗೆದುಕೊಳ್ಳಬೇಕು?

(3) 240 ಗ್ರಾಂ ಮೈದಾಕ್ಕೆ 120 ಗ್ರಾಂ ಸಕ್ಕರೆ ಪುಡಿ, ಎರಡೂವರೆ ಗ್ರಾಂ ಸೋಡಾ. ಗುಂಪಿನವರು ಜಾತ್ರೆಗಾಗಿ 5 ಕಿಲೋ ಮೈದಾದಲ್ಲಿ ಮಾಡಬೇಕೆಂದಿದ್ದಾರೆ. ಸಕ್ಕರೆ, ಸೋಡಾ ಎಷ್ಟು?

ಉತ್ತರಗಳು: (1) ಲೋಟ 250 ಮಿಲಿಲೀಟರ್, ಹಿಟ್ಟು 140 ಗ್ರಾಂ, ಗುಣಕ 0.56, 720 ಮಿಲಿಲೀಟರಿಗೆ ಸುಮಾರು 403 ಗ್ರಾಂ. (2) 120 ಗ್ರಾಂ. ತಕ್ಕಡಿ ಇಲ್ಲದಿದ್ದರೆ ಅರ್ಧ ಕಪ್ಪಿನ ಮೇಲೆ ಒಂದೂವರೆ ದೊಡ್ಡ ಚಮಚ. (3) ಸಕ್ಕರೆ 2 ಕಿಲೋ 500 ಗ್ರಾಂ, ಸೋಡಾ ಸುಮಾರು 52 ಗ್ರಾಂ.

ಸದಸ್ಯರ ಮನೆಯವರು ತಮ್ಮ ತಮ್ಮ ಗಿರಣಿಯ ರಾಗಿ, ಜೋಳ, ಗೋಧಿ ಹಿಟ್ಟುಗಳ ಗುಣಕಗಳನ್ನು ಬರೆದು ಸಂಘದ ಕಚೇರಿಗೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಉಪಯೋಗವಾಗುವಂತೆ ಒಟ್ಟು ಪಟ್ಟಿಯನ್ನು ಕೊಡಲಾಗುವುದು. ಲೋಟವನ್ನು ಹೇಗೆ ತುಂಬಿದಿರಿ, ಹಿಟ್ಟು ಬೀಸಿಸಿ ಎಷ್ಟು ದಿನವಾಗಿತ್ತು ಎಂಬುದನ್ನೂ ಮರೆಯದೆ ಬರೆಯಿರಿ.

ಕಾರ್ಯದರ್ಶಿ
ಅಬಲೂರು